ಉದ್ದನೆಯ ಗಂಟೆ

ಮನೆಗೊಂದು ಪುಟ ಎಂದು ಪುಸ್ತಕದ ಸಮಿತಿಯವರು ಹೇಳಿದ ದಿನದಿಂದ ವೊಂದ್ರಾಚೆಕ್ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಂಡಿದ್ದಿಲ್ಲ. ಚೆಕ್ ಜನ ನೆಬ್ರಾಸ್ಕಾದ ಬಯಲಿಗೆ ಬಂದು ಲೀಪಾ ಊರು ಕಟ್ಟಿ ತೊಂಬತ್ತು ವರ್ಷವಾಯಿತಂತೆ, ಅದಕ್ಕೊಂದು ದಪ್ಪ ಪುಸ್ತಕವಂತೆ, ಅದರಲ್ಲಿ ಪ್ರತಿ ಮನೆಗೂ ಒಂದೇ ಒಂದು ಪುಟವಂತೆ. ಹೇಳುವವರಿಗೇನು, ಹೇಳಿ ಹೋದರು. ಇಲ್ಲಿ ಅನುಭವಿಸುವವರು ಯಾರು?

ಭಾನುವಾರದ ಊಟಕ್ಕೆ ಹಂದಿಮಾಂಸ, ಹುಳಿ ಎಲೆಕೋಸು, ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ. ಸೊಸೆ ಆಗ್ನೆಸ್ ದಾರದಿಂದ ಉಂಡೆ ಕತ್ತರಿಸುತ್ತಲೇ ಶುರು ಮಾಡಿದಳು. ಸಮಿತಿಗೆ ಅವಳೇ ಕಾರ್ಯದರ್ಶಿ; ಟೈಪ್ ಮಾಡುವ ಯಂತ್ರವನ್ನೂ ಮನೆಗೆ ತಂದಿಟ್ಟುಕೊಂಡಿದ್ದಳು.

"ಅರ್ಧ ಪುಟ ಸುಂಟರಗಾಳಿಗೇ ಹೋದ್ರೆ ಹಾಲು ಕರೆಯೋ ಯಂತ್ರಕ್ಕೆ ಜಾಗ ಎಲ್ಲಿದೆ? ಈ ಸುತ್ತಿನಲ್ಲಿ ಮೊದಲು ತಂದಿದ್ದು ನಾವೇ."

"ಯಂತ್ರ ಅಂಗಡಿಯಲ್ಲಿ ಸಿಗುತ್ತೆ," ಎಂದಳು ನಾದಿನಿ ಲೀಬಾ. "ನನ್ನಮ್ಮ ಅಂಗಡಿಯಲ್ಲಿ ಸಿಗ್ತಾಳಾ?"

"ನಿಮ್ಮಮ್ಮನ್ನ ಬಿಟ್ಟುಬಿಡಿ ಅಂದ್ನಾ ನಾನು? ನಾಲ್ಕು ಸಾಲು ಸಾಕು ಅಂದೆ."

"ನೆರೆಯವರನ್ನ ಉಳಿಸೋಕೆ ಹೋಗಿ ಸತ್ತವಳಿಗೆ ನಾಲ್ಕು ಸಾಲು. ಹನ್ನೆರಡು ಹಸುವಿನ ಕೆಚ್ಚಲಿಗೆ ಅರ್ಧ ಪುಟ. ಬರ್ಕೋ ತಾಯಿ, ಚೆನ್ನಾಗಿದೆ."

"ಇಬ್ರೂ ಊಟ ಮಾಡಿ," ಎಂದ ಓಲ್ದಾ. "ಉಂಡೆ ಆರಿ ಕಲ್ಲಾಗ್ತಿದೆ."

"ಯಾವ ಉಂಡೆ ಕಲ್ಲಾಗಿದೆ? ನಾನು ಮಾಡಿದ್ದಾ?" ಎಂದು ಆಗ್ನೆಸ್ ಗಂಡನ ಕಡೆ ತಿರುಗಿದಳು. ಓಲ್ದಾ ಎಲೆಕೋಸಿನ ಬಟ್ಟಲಿಗೆ ಮುಖ ಹಾಕಿದ.

ಮೇಜಿನ ತುದಿಯಲ್ಲಿ ಕುಳಿತಿದ್ದ ಆಲ್ಬೀನಾ ಉಂಡೆಯನ್ನು ಸಣ್ಣಗೆ ಮುರಿಯುತ್ತಿದ್ದಳು. ಎಪ್ಪತ್ತನಾಲ್ಕು ವರ್ಷದ ಮುದುಕಿ. ಓಲ್ದಾ ಅವಳು ಹೆತ್ತ ಮಗ, ಲೀಬಾ ಅವಳು ಸಾಕಿದ ಮಗಳು. ಲೀಬಾಳ ತಾಯಿ ರೂಝೆನಾ ಆಲ್ಬೀನಾಗೆ ವಾರಗಿತ್ತಿಯಾಗಬೇಕು. ಮೈದುನ ಜ್ವರದಲ್ಲಿ ತೀರಿಕೊಂಡ ಮೇಲೂ ರೂಝೆನಾ ಮಗಳೊಂದಿಗೆ ಇದೇ ಮನೆಯಲ್ಲಿದ್ದಳು. ಮರುವರ್ಷ ಸುಂಟರಗಾಳಿ ಅವಳನ್ನೂ ಒಯ್ದಿತು. ಆಗ ಲೀಬಾಗೆ ಏಳು ವರ್ಷ. ಈಗ ನಲವತ್ತೆಂಟು. ಮದುವೆಯಾಗಲಿಲ್ಲ. ಮನೆಯ ಅಡುಗೆ, ಕೋಳಿ, ತೋಟ, ದೊಡ್ಡಮ್ಮನ ಕಾಲಿಗೆ ಎಣ್ಣೆ, ಎಲ್ಲ ಅವಳದೇ. ಪಾದ್ರಿಗಳ ಮನೆಯವರು ಅಡುಗೆಗೆ ಬಾ, ಪ್ರತ್ಯೇಕ ಕೋಣೆ ಕೊಡುತ್ತೇವೆ ಎಂದು ಎರಡು ಸಲ ಹೇಳಿಕಳಿಸಿದ್ದರು. "ದೊಡ್ಡಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದು ಅವಳು ನಕ್ಕು ಕಳಿಸಿದ್ದಳು.

ಮೇ ತಿಂಗಳ ಕೊನೆಗೆ ಸತ್ತವರಿಗೆ ಹೂವಿಡುವ ದಿನ ಊರ ಹಿರಿಯರು ರೂಝೆನಾಳ ಸಮಾಧಿಯ ಮುಂದೆ ನಿಂತು ಪ್ರತಿವರ್ಷ ಅದೇ ಭಾಷಣ ಮಾಡುತ್ತಿದ್ದರು. ಗಾಳಿ ಬರುವುದನ್ನು ಟೆಲಿಫೋನಿನಲ್ಲಿ ಕೇಳಿದ ರೂಝೆನಾ ವೊಂದ್ರಾಚೆಕ್, ಟೆಲಿಫೋನ್ ಇಲ್ಲದ ಪ್ರೊಕೋಪ್ ಮುದುಕ ಮುದುಕಿಗೆ ಹೇಳಲೆಂದು ಗಾಡಿ ಹೂಡಿಕೊಂಡು ಓಡಿದಳು, ದಾರಿಯಲ್ಲೇ ಪ್ರಾಣಬಿಟ್ಟಳು. ಕಲ್ಲಿನ ಮೇಲೂ ಅದನ್ನೇ ಕೆತ್ತಿಸಿದ್ದರು: ನೆರೆಯವರಿಗಾಗಿ ಹೋದವಳು. ಹೂವಿಡುವಾಗ ಲೀಬಾಳ ಕುತ್ತಿಗೆ ಒಂದು ಬೆರಳಷ್ಟು ಉದ್ದವಾಗುತ್ತಿತ್ತು. ಅವಳಿಗಿದ್ದ ಆಸ್ತಿ ಅದೊಂದೇ.

ಅದು ಸುಳ್ಳು ಎಂದು ಈ ಭೂಮಿಯ ಮೇಲೆ ಬಲ್ಲವಳು ಆಲ್ಬೀನಾ ಒಬ್ಬಳು.

ಜೂನ್ ಬಂದರೆ ತೊರೆಯ ದಡದ ಕಾಟನ್‌ವುಡ್ ಮರಗಳು ಅರಳೆ ಬಿಡುತ್ತವೆ. ಗಾಳಿಯಿಲ್ಲದ ಮಧ್ಯಾಹ್ನ ಆ ಅರಳೆ ಬೀಳುವುದೂ ಇಲ್ಲ, ಏಳುವುದೂ ಇಲ್ಲ, ಜಗುಲಿಯ ಮುಂದೆ ಸುಮ್ಮನೆ ತೇಲಾಡುತ್ತಿರುತ್ತದೆ. ಊಟವಾದ ಮೇಲೆ ಆಲ್ಬೀನಾ ಕುರ್ಚಿ ಹಾಕಿಸಿಕೊಂಡು ಅಲ್ಲಿ ಕೂರುತ್ತಿದ್ದಳು. ಕಣ್ಣು ಮುಚ್ಚಿದರೆ ನಲವತ್ತೊಂದು ವರ್ಷದ ಹಿಂದಿನ ಕಾಲ ಎಂಬುದು ಪಕ್ಕದ ಕೋಣೆ.

ಆಗ ಒಂದೇ ಟೆಲಿಫೋನ್ ತಂತಿಗೆ ಹದಿನೇಳು ಮನೆ. ಒಂದೊಂದು ಮನೆಗೆ ಒಂದೊಂದು ಬಗೆಯ ಗಂಟೆ. ಇವರದು ಎರಡು ಉದ್ದ, ಒಂದು ಗಿಡ್ಡ. ಬೇರೆಯವರ ಗಂಟೆ ಹೊಡೆದಾಗಲೂ ಎಲ್ಲರೂ ಎತ್ತಿ ಕೇಳುತ್ತಿದ್ದರು. ಅದನ್ನು ಯಾರೂ ತಪ್ಪೆಂದುಕೊಂಡಿರಲಿಲ್ಲ. ಉಸಿರಾಟ ಕೇಳಿಸದಂತೆ ನೋಡಿಕೊಂಡರೆ ಮರ್ಯಾದಸ್ಥರು ಎಂದೇ ಲೆಕ್ಕ. ಆದರೆ ಎತ್ತಿದಷ್ಟೂ ತಂತಿಯ ಶಕ್ತಿ ಕುಗ್ಗುತ್ತಿತ್ತು. ಇಬ್ಬರು ಎತ್ತಿದರೆ ಮಾತು ಮಾತಾಗಿಯೇ ಇರುತ್ತಿತ್ತು, ಐದಾರು ಜನ ಎತ್ತಿದರೆ ಪಿಸುಮಾತು, ಹದಿನೇಳೂ ಎತ್ತಿದರೆ ಬಾವಿಯ ತಳದಲ್ಲಿ ಯಾರೋ ಗೊಣಗಿದ ಹಾಗೆ. ಊರಿಗೆಲ್ಲ ಸೇರಿದ ಸುದ್ದಿಯಿದ್ದರೆ ಎಕ್ಸ್‌ಚೇಂಜಿನ ಫ್ರಾಂಟ್ಸಿ ನಿಲ್ಲಿಸದೆ ಒಂದೇ ಉದ್ದನೆಯ ಗಂಟೆ ಹೊಡೆಯುತ್ತಿದ್ದಳು. ಅದಕ್ಕೆ ನಾಲ್ಕೇ ಮನೆಯವರು ಎತ್ತಬೇಕು, ಅವರು ಉಳಿದವರಿಗೆ ತಿಳಿಸಬೇಕು ಎಂದು ಸಭೆ ಕೂಡಿ ನಿಯಮ ಮಾಡಿದ್ದರು. ಆಲ್ಬೀನಾಳ ಮನೆ ಆ ನಾಲ್ಕರಲ್ಲಿರಲಿಲ್ಲ. ನಿಯಮ ಯಾರಿಗೆ ಬೇಕು? ಉದ್ದ ಗಂಟೆಗೆ ಹದಿನೇಳು ಕೈಯೂ ಗೋಡೆಗೆ ಹೋಗುತ್ತಿದ್ದವು.

ಆ ವಾರ ಎಲ್ಲರೂ ಸ್ಟ್ರಾಬೆರಿಗೆ ಕಾಯುತ್ತಿದ್ದರು. ವರ್ಷಕ್ಕೊಮ್ಮೆ ತೆಂಕಣದಿಂದ ರೈಲಿನಲ್ಲಿ ಒಂದು ಬೋಗಿ ತುಂಬ ಹಣ್ಣು ಬರುತ್ತಿತ್ತು. ಬಂತು ಎಂದು ಫ್ರಾಂಟ್ಸಿ ಉದ್ದ ಗಂಟೆ ಹೊಡೆದಳೆಂದರೆ ಗಾಡಿಗಳ ಪೈಪೋಟಿ; ಮೊದಲು ಹೋದವರಿಗೆ ಒಳ್ಳೆಯ ಹಣ್ಣು, ಕೊನೆಗೆ ಹೋದವರಿಗೆ ರಸ. ಹಿಂದಿನ ವರ್ಷ ಇವರ ಮನೆಗೆ ರಸವೇ ಬಂದಿತ್ತು.

ಅಂದು ಸಂಜೆ ನಾಲ್ಕಕ್ಕೆ ಗಂಟೆ ಹೊಡೆಯಿತು. ಆಲ್ಬೀನಾಳ ಕೈಯೆಲ್ಲ ಹಿಟ್ಟು. ಮೊಣಕೈಯಿಂದಲೇ ಎತ್ತಿದಳು. ಬಾವಿಯ ತಳದಿಂದ ಫ್ರಾಂಟ್ಸಿ ಏನೋ ಅನ್ನುತ್ತಿದ್ದಳು. "...ಬಂದಿದೆ... ಸ್ಟೇಷನ್... ಎಲ್ಲರೂ... ಬೇಗ..." ಅಷ್ಟೇ ಕೇಳಿಸಿತು. ಆಲ್ಬೀನಾ ಟೆಲಿಫೋನ್ ಇಟ್ಟು ಕೂಗಿದಳು: "ರೂಝೆನಾ, ಹಣ್ಣು ಬಂತು! ಗಾಡಿ ಹೂಡು!"

ಫ್ರಾಂಟ್ಸಿ ಹೇಳಿದ್ದು ಇಷ್ಟು: ಸುಂಟರಗಾಳಿ ಬಂದಿದೆ, ಸ್ಟೇಷನ್ ದಾಟಿತು, ಎಲ್ಲರೂ ನೆಲಮಾಳಿಗೆಗೆ ಇಳೀರಿ, ಬೇಗ.

ರೂಝೆನಾಳ ಗಾಡಿ ಹೊರಟ ಮೇಲೆ ಹೊಲದಿಂದ ಗಂಡ ಮತೇಯ್ ಓಡಿಬಂದು ನಿದ್ದೆಯಲ್ಲಿದ್ದ ಲೀಬಾಳನ್ನೂ ಎರಡು ವರ್ಷದ ಓಲ್ದಾನನ್ನೂ ಆಲ್ಬೀನಾಳನ್ನೂ ನೆಲಮಾಳಿಗೆಗೆ ನೂಕಿದ. ಆಮೇಲೆ ಮೇಲೆ ಬಂದಾಗ ಲೋಕ ಬೇರೆಯಾಗಿತ್ತು. ಕೊಟ್ಟಿಗೆಯಿದ್ದ ಕಡೆ ಬರೀ ಬೆಳಕು. ಬೇಲಿಯ ಕಂಬಕ್ಕೆ ಹುಲ್ಲಿನ ಕಡ್ಡಿಗಳು ಮೊಳೆಯಂತೆ ನಾಟಿದ್ದವು. ಪುಕ್ಕ ಕಿತ್ತುಹೋದ ಕೋಳಿಯೊಂದು ಏನೂ ಆಗಿಲ್ಲವೆಂಬಂತೆ ಅಂಗಳದಲ್ಲಿ ಅಡ್ಡಾಡುತ್ತಿತ್ತು. ಅಡುಗೆಮನೆಗೆ ಚಾವಣಿಯಿರಲಿಲ್ಲ, ಮೇಜಿನ ಮೇಲೆ ಹಿಟ್ಟಿನ ಪಾತ್ರೆ ಇಟ್ಟಲ್ಲೇ ಇತ್ತು, ಹಿಟ್ಟು ಇನ್ನೂ ಉಬ್ಬುತ್ತಿತ್ತು, ಅದರ ಮೇಲೆ ಕಾಟನ್‌ವುಡ್ ಅರಳೆ ಬಂದು ಕೂತಿತ್ತು. ಎಲ್ಲೆಲ್ಲೂ ಎಂಥ ನಿಶ್ಶಬ್ದ! ಅದೇ ಆಲ್ಬೀನಾಗೆ ಇವತ್ತಿಗೂ ಕನಸಿನಲ್ಲಿ ಬರುವುದು.

ರೂಝೆನಾ ಸಿಕ್ಕಿದ್ದು ಪ್ರೊಕೋಪರ ಮನೆಯ ತಿರುವಿನಲ್ಲಿ. ಸ್ಟೇಷನ್ ದಾರಿಯೂ ಅದೇ. ಆದರೆ ಗಾಳಿಯ ದಿನ ಹಣ್ಣಿಗೆ ಹೋಗುತ್ತಿದ್ದಳೆಂದು ಯಾರಿಗೆ ಹೊಳೆದೀತು? "ಮುದುಕರಿಗೆ ಹೇಳೋಕೆ ಹೊರಟಿದ್ದಳು ಪುಣ್ಯಾತ್ಗಿತ್ತಿ," ಎಂದರು ಯಾರೋ. ಪಾದ್ರಿಗಳು ಅದನ್ನೇ ಪ್ರಾರ್ಥನೆಯಲ್ಲಿ ಹೇಳಿದರು. ಆಲ್ಬೀನಾ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇದ್ದುಬಿಟ್ಟಳು. "ಮಗೂಗೆ ಇದೇ ಒಳ್ಳೇದು, ಸುಮ್ನಿರು," ಎಂದಿದ್ದ ಮತೇಯ್. ಆಮೇಲೆ ಅವನೂ ಹೋದ. ಬಿಸಿತುಪ್ಪ ಇವಳ ಬಾಯಲ್ಲೇ ಉಳಿಯಿತು.

ಈಗ, ಪುಸ್ತಕದ ಜಗಳದ ಎರಡನೆಯ ವಾರ, ಹೊಸ ಟೆಲಿಫೋನಿನವರು ಬಂದರು. ಗೋಡೆಯ ಹಳೆಯ ಮರದ ಪೆಟ್ಟಿಗೆ ಬಿಚ್ಚಿ, ಬೆರಳಿನಲ್ಲಿ ತಿರುಗಿಸುವ ಕರಿಯ ಟೆಲಿಫೋನ್ ಇಟ್ಟರು. ಇನ್ನು ಯಾರೂ ಯಾರ ಮಾತನ್ನೂ ಕದ್ದು ಕೇಳುವಂತಿಲ್ಲ.

"ಹಾಗಾದ್ರೆ ಊರ ಸುದ್ದಿ ತಿಳಿಯೋದು ಹೇಗೆ?" ಎಂದಳು ಲೀಬಾ. ಆಗ್ನೆಸ್ ಕೂಡ ನಕ್ಕಳು. ಪೆಟ್ಟಿಗೆಯಿದ್ದ ಕಡೆ ಗೋಡೆಯಲ್ಲಿ ಹಳೆಯ ಬಣ್ಣದ ಚೌಕ ಉಳಿಯಿತು.

ಚೆರ್ರಿ ಬೀಜ ತೆಗೆಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕಾಗದ ಹಿಡಿದು ಕೂತಳು ಆಗ್ನೆಸ್. "ಅತ್ತೆ, ಆ ದಿನ ಟೆಲಿಫೋನ್ ಎತ್ತಿದ್ದು ಯಾರು?"

"ಯಾಕೆ? ಯಾರು ಎತ್ತಿದ್ರೆ ಏನೀಗ?" ಎಂದಳು ಆಲ್ಬೀನಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಅಯ್ಯೋ, ಬರಿಯೋಕೆ ಕೇಳ್ದೆ. ನಿಮ್ಮನ್ನೇನು ಕೋರ್ಟಿಗೆ ಎಳೀತಿಲ್ಲ."

"ರೂಝೆನಾನೇ ಎತ್ತಿದ್ಲು ಅಂತ ಬರ್ಕೋ."

ಮೊದಲ ಸಲ ಅವಳ ಬಾಯಿಂದಲೇ ಪೂರಾ ಸುಳ್ಳು ಬಂತು. ಅಂದು ರಾತ್ರಿ ಸೂಪನ್ನು ಮುಟ್ಟಲಿಲ್ಲ. ಮರುದಿನ ಬೆಳ್ಳುಳ್ಳಿ ಸಾರನ್ನೂ ಮುಟ್ಟಲಿಲ್ಲ. ಗಸಗಸೆ ತುಂಬಿದ ಕೊಲಾಚ್ ರೊಟ್ಟಿಯೆಂದರೆ ಪ್ರಾಣ ಬಿಡುವವಳು ಅದರ ಅಂಚು ಮುರಿದು ಕೋಳಿಗೆ ಹಾಕಿದಳು.

"ಹಲ್ಲು ನೋವಾ ದೊಡ್ಡಮ್ಮ?" ಎಂದು ಲೀಬಾ ಕೇಳಿದಳು.

"ಹಲ್ಲೆಲ್ಲಿದೆ ನೋಯೋಕೆ?"

"ಮತ್ತೆ ಉಪವಾಸ ಯಾರ ಮೇಲೆ? ಆಗ್ನೆಸ್ ಮೇಲಿದ್ರೆ ಹೇಳು, ನಾನೂ ಮಾಡ್ತೀನಿ."

ಆಲ್ಬೀನಾ ಅವಳ ಮುಖ ನೋಡಿದಳು. ಹೇಳಿದರೆ ಇವಳು ಪಾದ್ರಿಗಳ ಮನೆಗೆ ಹೊರಟುಹೋಗುತ್ತಾಳೆ. ಹೇಳದಿದ್ದರೆ ಪುಸ್ತಕ ಅಚ್ಚಾಗುತ್ತದೆ. ಅಚ್ಚಾದ ಸುಳ್ಳು ಸಮಾಧಿಕಲ್ಲಿಗಿಂತ ದೂರ ಹೋಗುತ್ತದೆ. ಹಾಗೆಯೇ ನಾಲ್ಕು ದಿನ ಕಳೆದಳು. ಜಗುಲಿಯಲ್ಲಿ ಮಂಪರು ಹತ್ತಿದರೆ ಸಾಕು, ಬಿಚ್ಚಿ ಒಯ್ದ ಪೆಟ್ಟಿಗೆಯ ಗಂಟೆ ಮನೆಯೊಳಗೆ ಉದ್ದಕ್ಕೆ ಹೊಡೆಯುತ್ತಿತ್ತು. ಎದ್ದು ಹೋಗಿ ನೋಡಿದರೆ ಗೋಡೆಯ ಮೇಲೆ ಚೌಕ ಮಾತ್ರ.

ಮೂರನೆಯ ಭಾನುವಾರ ಆಗ್ನೆಸ್ ಊಟದ ಮೇಜಿಗೇ ಪುಟ ತಂದಳು. ಹಾಗೆ ನೋಡಿದರೆ ಅವಳು ಧಾರಾಳಿಯೇ. ಹಾಲಿನ ಯಂತ್ರವನ್ನು ಮೂರು ಸಾಲಿಗೆ ಇಳಿಸಿ ಉಳಿದದ್ದನ್ನೆಲ್ಲ ರೂಝೆನಾಗೆ ಬಿಟ್ಟಿದ್ದಳು. ಲೀಬಾ ಕೈ ಒರೆಸಿಕೊಂಡು ಎದುರಿಗೆ ಕೂತಳು.

"ಕೇಳಿ," ಎಂದು ಆಗ್ನೆಸ್ ಗಂಟಲು ಸರಿಮಾಡಿಕೊಂಡು ಓದಿದಳು. "'ಆಕಾಶವು ಕಪ್ಪಾಗಿತ್ತು. ವೀರವನಿತೆ ರೂಝೆನಾ ಗಾಡಿಯನ್ನೇರಿ, ಓ ಅಕ್ಕಾ, ನನ್ನ ಪ್ರಾಣವು ಹೋದರೂ ಚಿಂತೆಯಿಲ್ಲ, ಆ ವೃದ್ಧ ದಂಪತಿಗಳು ಬದುಕಲಿ ಎಂದು ನುಡಿದು...'"

ಆಲ್ಬೀನಾಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಚಮಚ ಕೆಳಗೆ ಬಿತ್ತು.

"ಅವಳೆಲ್ಲಿ ಹಾಗೆ ಮಾತಾಡ್ತಿದ್ಲು! ಸಕ್ಕರೆ ಡಬ್ಬಿಗೆ ಬೆರಳು ಅದ್ದಿ ನೆಕ್ಕೊಂಡು ಓಡಾಡೋಳು. ಓ ಅಕ್ಕಾ ಅಂತೆ!"

"ಅತ್ತೆ, ಪುಸ್ತಕದಲ್ಲಿ ಹಾಗೇ ಬರೀಬೇಕು."

"ಮತ್ತೆ ಏನಂದ್ಲು ದೊಡ್ಡಮ್ಮ?" ಲೀಬಾ ಮುಂದಕ್ಕೆ ಬಾಗಿದ್ದಳು. ಅವಳ ಮುಖದ ಮೇಲೂ ನಗುವಿತ್ತು. "ಸಕ್ಕರೆ ನೆಕ್ತಿದ್ಲಾ? ನನಗೆ ಯಾರೂ ಹೇಳೇ ಇಲ್ಲ."

ಅಷ್ಟು ಆಸೆಯಿಂದ ಕೇಳಿದ ಮೇಲೆ ಇನ್ನೇನು ಮಾಡುವುದು? ಆಲ್ಬೀನಾ ಬಾಯಿಬಿಟ್ಟಳು. ಗಂಟೆ, ಹಿಟ್ಟಿನ ಕೈ, ಎತ್ತಬಾರದಿದ್ದ ಟೆಲಿಫೋನ್, ಅರ್ಧ ಕೇಳಿದ ಮಾತು, ಹಣ್ಣು ಬಂತು ಎಂದು ತಾನು ಕೂಗಿದ್ದು, ಎಲ್ಲ ಹೇಳಿದಳು. "ಗಾಡಿ ಹೂಡು ಅಂದೋಳು ನಾನೇ ಮಗಳೇ. ಅವಳು ಪ್ರೊಕೋಪರ ಮನೆಗೆ ಹೋಗ್ಲಿಲ್ಲ. ಸ್ಟ್ರಾಬೆರಿ ತರೋಕೆ ಹೋದ್ಲು."

ಮಾಂಸದ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಲೀಬಾ ಎದ್ದಳು. ತನ್ನ ತಟ್ಟೆ ತೊಳೆದು ಒರೆಸಿ ಕಪಾಟಿನಲ್ಲಿಟ್ಟಳು. ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ತನ್ನ ಕೋಣೆಗೆ ಹೋದಳು. ಬಾಗಿಲನ್ನು ಧಡಾರನೆ ಹಾಕಿಕೊಂಡಿದ್ದರೂ ವಾಸಿಯಾಗಿತ್ತು, ಮೆಲ್ಲಗೆ ಹಾಕಿಕೊಂಡಳು.

"ಏನಮ್ಮ ನೀನು!" ಓಲ್ದಾ ತಾಯಿಯ ಮೇಲೆ ಹಾಯ್ದ. "ನಲವತ್ತು ವರ್ಷ ಸುಮ್ನಿದ್ದೋಳಿಗೆ ಇನ್ನೊಂದು ನಾಲ್ಕು ವರ್ಷ ಸುಮ್ನಿರೋಕೆ ಆಗ್ಲಿಲ್ವಾ? ಕಲ್ಲಿನ ಮೇಲೆ ಕೆತ್ತಿದೆ. ಉಳಿ ತಗೊಂಡು ಅಳಿಸ್ತೀಯಾ?"

"ನಾಲ್ಕು ವರ್ಷದಲ್ಲಿ ನಾನು ಸಾಯ್ತೀನಿ ಅಂತ ಲೆಕ್ಕ ಹಾಕಿದೀಯಾ?"

"ಮಾತು ತಿರುಗಿಸ್ಬೇಡ."

"ನನ್ನ ಪುಟ!" ಎಂದಳು ಆಗ್ನೆಸ್. ಆಮೇಲೆ ನಾಚಿಕೊಂಡು ಪುಟವನ್ನು ಮಡಚಿ ಏಪ್ರನ್ ಜೇಬಿಗೆ ಸೇರಿಸಿದಳು.

ಆ ವಾರ ಅಡುಗೆ ಆಗ್ನೆಸ್‌ಳದು. ಸೋಮವಾರ ಉಂಡೆ ನಿಜವಾಗಿಯೂ ಕಲ್ಲಾಯಿತು. ಮಂಗಳವಾರ ತಣ್ಣನೆಯ ಸಾಸೇಜು. ಬುಧವಾರ ಸೂಪಿಗೆ ಎರಡು ಸಲ ಉಪ್ಪು ಬಿತ್ತು. ಓಲ್ದಾ ಚೆನ್ನಾಗಿದೆ ಎಂದು ಕುಡಿದು ಬಾವಿಯ ಹತ್ತಿರ ಹೋಗಿ ಅರ್ಧ ಬಕೆಟ್ ನೀರು ಕುಡಿದ. ಲೀಬಾ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು, ಮೊಟ್ಟೆ ತರುತ್ತಿದ್ದಳು, ಕಳೆ ಕೀಳುತ್ತಿದ್ದಳು. ಊಟವನ್ನು ಕೋಣೆಗೇ ಒಯ್ಯುತ್ತಿದ್ದಳು. ಯಾರೊಂದಿಗೂ ಮಾತಿಲ್ಲ. ಸಂಜೆ ದೊಡ್ಡಮ್ಮನ ಕೋಣೆಗೆ ಎಣ್ಣೆಯ ಸೀಸೆ ತಂದಿಡುತ್ತಿದ್ದಳು, ಆದರೆ ಹಚ್ಚುತ್ತಿರಲಿಲ್ಲ. ಆಲ್ಬೀನಾ ಬಗ್ಗಿ ತಾನೇ ಹಚ್ಚಿಕೊಳ್ಳಲು ನೋಡಿದಳು. ಮೊಣಕಾಲಿನ ತನಕ ಮಾತ್ರ ಕೈ ಹೋಯಿತು.

ಗುರುವಾರ ಲೀಬಾ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಒಗೆದ ಬಟ್ಟೆಗಳನ್ನು ಮಡಚಿ ಅದರೊಳಗೆ ಇಡುವುದು ಆಲ್ಬೀನಾಗೆ ಕಾಣಿಸಿತು.

"ಲೀಬಾ," ಎಂದು ಬಾಗಿಲಲ್ಲಿ ನಿಂತಳು. "ಪಾದ್ರಿಗಳ ಮನೆಗಾ?"

ಲೀಬಾ ಇನ್ನೊಂದು ಬಟ್ಟೆ ಮಡಚಿ ಒಳಗಿಟ್ಟಳು.

"ನನ್ನನ್ನ ನಾಲ್ಕು ಬೈದಾದ್ರೂ ಹೋಗೇ."

ಲೀಬಾ ಕಾಲುಚೀಲಗಳನ್ನು ಜೋಡಿ ಮಾಡುತ್ತಲೇ ಇದ್ದಳು. ಆಲ್ಬೀನಾ ಗೋಡೆ ಹಿಡಿದುಕೊಂಡು ಜಗುಲಿಗೆ ಬಂದು ಕೂತಳು. ಬಿಸಿಲು ಕಟ್ಟಿಹಾಕಿದಂತೆ ನಿಂತಿತ್ತು. ಅರಳೆ ತೇಲುತ್ತಿತ್ತು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ತಾನು ಸಾಕಿದ ಮಗು ತನ್ನ ಕಣ್ಣೆದುರೇ ಹೊರಡುತ್ತಿದೆ. ಹೋಗಬೇಡ ಎನ್ನಲು ತನಗೆ ಬಾಯಿಲ್ಲ. ಅಳುತ್ತಲೇ ಮಂಪರು ಹತ್ತಿತು.

ಎಚ್ಚರವಾದಾಗ ಲೀಬಾ ಎದುರಿಗೆ ಮೆಟ್ಟಿಲ ಮೇಲೆ ಕೂತಿದ್ದಳು. ಯಾವಾಗ ಬಂದಳೋ. ಪಕ್ಕದಲ್ಲಿ ಪೆಟ್ಟಿಗೆ ಇತ್ತು. ತಲೆಗೂದಲ ತುಂಬ ಅರಳೆ ಅಂಟಿಕೊಂಡಿತ್ತು, ತೆಗೆದುಕೊಂಡಿರಲಿಲ್ಲ.

"ಆಗ್ನೆಸ್‌ಗೆ ಹೇಳಿದೀನಿ," ಎಂದಳು. "ಹಣ್ಣು ತರೋಕೆ ಹೋದ್ಲು ಅಂತಲೇ ಬರೀ ಅಂತ."

"ಊರು ನಗುತ್ತೆ ಕಣೇ."

"ನಗ್ಲಿ. ಹದಿನೇಳು ಮನೆಯೋರೂ ಎತ್ತಿದ್ರಲ್ಲ, ಅವರೂ ಸ್ವಲ್ಪ ನೆನಪು ಮಾಡ್ಕೊಳ್ಲಿ." ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. "ಆ ದಿನ ಕೇಳ್ದೆ. ನೀನು ಎಲ್ಲ ಹೇಳ್ದೆ, ಅದನ್ನ ಮಾತ್ರ ಹೇಳ್ಲಿಲ್ಲ. ಹೊರಡೋವಾಗ ಏನಂದ್ಲು?"

ಆಲ್ಬೀನಾ ಕಣ್ಣುಮುಚ್ಚಿದಳು. ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ರೂಝೆನಾ ಗಾಡಿಯ ಮೇಲಿದ್ದಳು, ಟೋಪಿಯ ದಾರ ಕಟ್ಟಿಕೊಂಡಿರಲಿಲ್ಲ, ಬಾಯಲ್ಲಿ ಸಕ್ಕರೆ.

"ಕೆನೆ ತಣ್ಣಗಿಡು ಅಂದ್ಲು. ಹೋದ ವರ್ಷದ ಹಾಗೆ ರಸ ತರೋಲ್ಲ ನೋಡ್ತಿರು ಅಂದ್ಲು. ಆಮೇಲೆ ಗಾಡಿ ತಿರುಗಿಸ್ಕೊಂಡು..." ಕಣ್ಣು ತೆರೆದಳು. "ಆಮೇಲೆ ನಿನ್ನ ಮಾತು ಬಂತು."

"ನನ್ನ ಮಾತಾ?"

"ನಿನಗೆ ಹೇಳು ಅಂತ ಹೇಳಿ ಹೋದ್ಲು. ನೀನು ಮಲಗಿದ್ದೆ. ಎದ್ದಾಗ ನೆಲಮಾಳಿಗೆಯಲ್ಲಿದ್ವಿ, ಮೇಲೆ ಆ ಸದ್ದು. ಹೇಳೋಕಾಗ್ಲಿಲ್ಲ. ಆಮೇಲೆ ಕಲ್ಲಿನ ಮೇಲೆ ಬೇರೆ ಕೆತ್ತಿದ್ರು. ಇದನ್ನ ಹೇಳಿದ್ರೆ ಅದೂ ಹೊರಗೆ ಬರ್ತಿತ್ತು."

ಲೀಬಾ ಮೇಲಿನ ಮೆಟ್ಟಿಲಿಗೆ ಬಂದು ಕೂತಳು. ಐದು ದಿನದಿಂದ ಬಾರದಿದ್ದ ಸಿಟ್ಟು ಈಗ ಬಂತು.

"ಹಣ್ಣಿಗೆ ಕಳಿಸ್ದೆ ಅಂತ ನನಗೆ ನಿನ್ನ ಮೇಲೆ ಕೋಪ ಇಲ್ಲ. ಕಳಿಸ್ತಾರೆ, ಎಲ್ಲರೂ ಕಳಿಸ್ತಾರೆ. ಆದ್ರೆ ಅದು ನನ್ನ ಮಾತು. ನನಗೆ ಅಂತ ನಿನ್ನ ಕೈಲಿ ಕೊಟ್ಟುಹೋದ್ಲು. ನಲವತ್ತೊಂದು ವರ್ಷ ನೀನು ಇಟ್ಕೊಂಡೆ. ಆ ಕಲ್ಲಿನ ಮುಂದೆ ನಿಂತು, ಅಮ್ಮ ಹೋಗೋವಾಗ ನನ್ನನ್ನ ಒಂದ್ಸಲ ನೆನಪಾದ್ರೂ ಮಾಡ್ಕೊಂಡ್ಲಾ ಅಂತ ವರ್ಷವರ್ಷ ಅಂದ್ಕೊಂಡಿದೀನಿ. ಗೊತ್ತಾ ನಿನಗೆ? ನೆರೆಯವರಿಗಾಗಿ ಹೋದವಳು! ಮನೆಯಲ್ಲಿ ಮಗು ಮಲಗಿತ್ತು, ಅದು ಅವಳಿಗೆ ಕಾಣಿಸ್ಲಿಲ್ವಾ ಅಂತ..."

ಆಲ್ಬೀನಾ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಇದು ಅವಳಿಗೆ ಹೊಳೆದೇ ಇರಲಿಲ್ಲ.

"ಈಗ ಹೇಳು," ಎಂದಳು ಲೀಬಾ.

"ಏನು?"

"ಅವಳು ನನಗೆ ಹೇಳು ಅಂದದ್ದನ್ನ. ಆ ದಿನ ನಾನು ಎದ್ದಾಗ ಹೇಗೆ ಹೇಳ್ತಿದ್ಯೋ ಹಾಗೇ ಹೇಳು."

ಆಲ್ಬೀನಾ ಕುರ್ಚಿಯ ಅಂಚಿಗೆ ಜರುಗಿದಳು. ಎರಡೂ ಕೈಯಿಂದ ಲೀಬಾಳ ಗಲ್ಲ ಹಿಡಿದಳು.

"ಲೀಬಾ, ಎದ್ಯಾ ಚಿನ್ನ? ಅಳಬೇಡ. ನಿನ್ನಮ್ಮ ಈಗ ಬರ್ತಾಳೆ. ದಾರೀಲಿ ಒಂದೂ ತಿನ್ನಲ್ವಂತೆ. ಮೊದಲ ಹಣ್ಣು ನಿನಗೇ ಅಂತೆ."

ಲೀಬಾ ಏಳು ವರ್ಷದವಳ ಹಾಗೆ ಬಾಯಿ ತೆರೆದು ಅತ್ತಳು.